ಎಕ್ಸ್‌ಪೆಕ್ಟೆಡ್ ರಿಸಲ್ಟ್ ಕಾಲಮ್‌ನಲ್ಲಿ ಏನ್ ಬರೀಲಿ? ಸೈಂಟಿಫಿಕ್ ಸಾಫ್ಟ್‌ವೇರ್ ಟೆಸ್ಟ್ ಮಾಡೋರು ಯಾರಾದ್ರೂ ಇದೀರಾ

ಟೆಸ್ಟರ್_ತಿಪಟೂರು

ಎಲ್ರಿಗೂ ನಮಸ್ಕಾರ. ಇಷ್ಟು ವರ್ಷ ಬ್ಯಾಂಕಿಂಗ್ ಅಪ್ಲಿಕೇಶನ್ ಟೆಸ್ಟ್ ಮಾಡ್ಕೊಂಡಿದ್ದೆ, ಈಗ ಹೊಸ ಕೆಲಸದಲ್ಲಿ ಒಂದು ಮಳೆ-ಹರಿವು ಮಾಡೆಲ್ ಕೈಗೆ ಕೊಟ್ಟಿದಾರೆ, ಅಂದ್ರೆ ಜಲಾನಯನ ಪ್ರದೇಶದಲ್ಲಿ ಇಷ್ಟು ಮಳೆ ಬಿದ್ರೆ ನದಿಗೆ ಯಾವಾಗ ಎಷ್ಟು ನೀರು ಬರತ್ತೆ ಅಂತ ಲೆಕ್ಕ ಹಾಕೋ ಪ್ರೋಗ್ರಾಂ. ಬ್ಯಾಂಕಲ್ಲಿ ತಲೆನೋವಿರ್ಲಿಲ್ಲ, 1000 ರೂಪಾಯಿ ಡೆಬಿಟ್ ಆದ್ರೆ ಬ್ಯಾಲೆನ್ಸ್ 1000 ಕಮ್ಮಿ ಆಗ್ಬೇಕು, ಆಗ್ಲಿಲ್ವಾ, ಬಗ್ ಇದೆ ಅಂತ ರಿಪೋರ್ಟ್ ಹಾಕು. ಇಲ್ಲಿ ಟೆಸ್ಟ್ ಕೇಸ್ ಶೀಟ್ ತೆಗೆದು ಕೂತ್ರೆ ಎಕ್ಸ್‌ಪೆಕ್ಟೆಡ್ ರಿಸಲ್ಟ್ ಕಾಲಮ್ ಪೂರ್ತಿ ಖಾಲಿ. ಸೈಂಟಿಸ್ಟ್ ಸರ್‌ನ ಕೇಳಿದ್ರೆ "ಅದು ಗೊತ್ತಿದ್ದಿದ್ರೆ ಮಾಡೆಲ್ ಯಾಕ್ರೀ ಬರೀತಿದ್ವಿ" ಅಂತಾರೆ. ಅವ್ರು ಗ್ರಾಫ್ ನೋಡಿ "ಹಾಂ, ಸರಿ ಕಾಣ್ತಿದೆ" ಅಂದ್ರೆ ಅದೇ ಸೈನ್ ಆಫ್. ಇದನ್ನ ಟೆಸ್ಟಿಂಗ್ ಅಂತ ಕರೀಬಹುದಾ? ಅನುಭವ ಇರೋರು ಹೇಳಿ ಪ್ಲೀಸ್.

ಹಳೇ_ಫೋರ್ಟ್ರಾನ್

ನಿಮ್ಮ ಖಾಲಿ ಕಾಲಮ್ಮಿಗೆ ಟೆಸ್ಟಿಂಗ್‌ನೋರು ಒರಾಕಲ್ ಪ್ರಾಬ್ಲಂ ಅಂತ ಹೆಸರಿಟ್ಟು ಬಹಳ ಕಾಲ ಆಯ್ತು, ಡೇಟಾಬೇಸ್ ಕಂಪನಿ ಅಲ್ಲ, ಸರಿ ಉತ್ತರ ಹೇಳೋ ದೈವವಾಣಿ ಅನ್ನೋ ಅರ್ಥದಲ್ಲಿ. ಎಲೇನ್ ವೇಯುಕರ್ ಅನ್ನೋರು 1982ರಲ್ಲೇ "ಟೆಸ್ಟ್ ಮಾಡಕ್ಕಾಗದ ಪ್ರೋಗ್ರಾಂಗಳು" ಅಂತ ಒಂದು ಪೇಪರ್ ಬರೆದ್ರು, ಉತ್ತರ ಏನಿರಬೇಕು ಅಂತ ಗೊತ್ತಾಗ್ಬೇಕಾದ್ರೆ ಆ ಪ್ರೋಗ್ರಾಂನೇ ಓಡಿಸಬೇಕು ಅನ್ನೋ ಪರಿಸ್ಥಿತಿ ಬಗ್ಗೆ.

ನನ್ನ ಕೇಳಿದ್ರೆ ಖಾಲಿ ಕಾಲಮ್‌ಗಿಂತ ಅಪಾಯ ಆ "ಸರಿ ಕಾಣ್ತಿದೆ". ಉತ್ತರ ವಿಚಿತ್ರವಾಗಿ ಬಂದ್ರೆ ಎಲ್ರೂ ಕೋಡ್ ಕೆದಕ್ತಾರೆ, ನಾವು ಅಂದ್ಕೊಂಡ ಹಾಗೆ ಬಂದ್ರೆ ಕೆದಕೋದು ನಿಲ್ಲತ್ತೆ. ಅಂದ್ರೆ ನಿರೀಕ್ಷೆಗೆ ವಿರುದ್ಧ ಇರೋ ಬಗ್‌ಗಳು ಮಾತ್ರ ಸಿಗ್ತವೆ, ಅನುಕೂಲವಾಗಿರೋ ಬಗ್‌ಗಳು ಪೇಪರ್ ಆಗಿ ಪಬ್ಲಿಷ್ ಆಗ್ತವೆ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೆಫ್ರಿ ಚಾಂಗ್ ಪ್ರಕರಣ ನೋಡಿ. ಜೀವಕೋಶದ ಪೊರೆಯ ಪ್ರೋಟೀನ್‌ಗಳ ರಚನೆ ಕಂಡುಹಿಡಿದು 2001ರಿಂದ ಸೈನ್ಸ್ ಪತ್ರಿಕೆಯಲ್ಲಿ ಪೇಪರ್ ಮೇಲೆ ಪೇಪರ್. ಡೇಟಾ ಸಂಸ್ಕರಿಸೋ ಸ್ವಂತ ಪ್ರೋಗ್ರಾಂ ಎರಡು ಕಾಲಮ್ ಅದಲುಬದಲು ಮಾಡ್ತಿತ್ತು, ಅದ್ರಿಂದ ಇಡೀ ರಚನೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. 2006ರಲ್ಲಿ ಜ್ಯೂರಿಕ್‌ನೋರು ಅದೇ ಥರದ ಇನ್ನೊಂದು ಪ್ರೋಟೀನ್ ರಚನೆ ಪ್ರಕಟಿಸಿದಾಗ ತಾಳೆ ಆಗ್ಲಿಲ್ಲ, ಆಮೇಲೆ 5 ಪೇಪರ್ ವಾಪಸ್. ಅಲ್ಲೀವರೆಗೂ ಆ ಪ್ರೋಗ್ರಾಂ ಕ್ರ್ಯಾಶ್ ಆಗಿಲ್ಲ, ಎರರ್ ಕೊಟ್ಟಿಲ್ಲ, ಚಂದದ ಚಿತ್ರ ಬರ್ತಾನೇ ಇತ್ತು.

ಬಿಟ್_ಟು_ಬಿಟ್

ಇಷ್ಟೆಲ್ಲಾ ಯಾಕೆ ಗುರು, ಇನ್ನೊಂದು ಟೀಮ್ ಕೈಲಿ ಅದೇ ಮಾಡೆಲ್ ಬೇರೆ ಲ್ಯಾಂಗ್ವೇಜಲ್ಲಿ ಬರೆಸಿ, ಎರಡೂ ಔಟ್‌ಪುಟ್ ಡಿಫ್ ಮಾಡಿ, ಅಂದ್ರೆ ಎಲ್ಲೆಲ್ಲಿ ಬೇರೆ ಇದೆ ನೋಡಿ. ಮ್ಯಾಚ್ ಆದ್ರೆ ಪಾಸ್.

ಹಳೇ_ಫೋರ್ಟ್ರಾನ್

ಅದನ್ನೂ ಮಾಡಿ ನೋಡಿದಾರೆ ತಮ್ಮ. ಲೆಸ್ ಹ್ಯಾಟನ್ ಮತ್ತೆ ಅವರ ಜೊತೆಗಾರರು ತೈಲ ಹುಡುಕೋ ಭೂಕಂಪನ ಡೇಟಾ ಸಂಸ್ಕರಿಸೋ 9 ಪ್ಯಾಕೇಜ್ ತಗೊಂಡ್ರು, ಎಲ್ಲಾ ಬೇರೆ ಬೇರೆ ಕಂಪನಿಯವು, ಎಲ್ಲದಕ್ಕೂ ಒಂದೇ ಡೇಟಾ, ಒಂದೇ ಗಣಿತ, ಒಂದೇ ಫೋರ್ಟ್ರಾನ್ ಭಾಷೆ. 1994ರಲ್ಲಿ ಬಂದ ಫಲಿತಾಂಶ ಏನಪ್ಪಾ ಅಂದ್ರೆ, ಸುಮಾರು 4000 ಸಾಲು ಕೋಡ್‌ಗೆ ಶೇಕಡಾ 1ರ ಲೆಕ್ಕದಲ್ಲಿ ವ್ಯತ್ಯಾಸ ಬೆಳೀತಾ ಹೋಗಿ ಕೊನೆಗೆ ಒಂದೆರಡು ಅಂಕಿ ಮಾತ್ರ ನಂಬೋ ಹಾಗೆ ಉಳೀತು. ಎಲ್ಲಿ ಬಾವಿ ಕೊರೀಬೇಕು ಅಂತ ಹೇಳೋ ಚಿತ್ರಗಳು ಅವು! ಡಿಫ್ ಮಾಡಿದ್ರೆ ಬೇರೆ ಬೇರೆ ಇದೆ ಅಂತ ಗೊತ್ತಾಗತ್ತೆ, ಯಾವ್ದು ಸರಿ ಅಂತ ಯಾರು ಹೇಳೋದು?

ಮ್ಯಾಚ್ ಆದ್ರೂ ನೆಮ್ಮದಿ ಇಲ್ಲ. ನೈಟ್ ಮತ್ತೆ ಲೆವ್ಸನ್ 1986ರಲ್ಲಿ ಒಂದೇ ಸ್ಪೆಸಿಫಿಕೇಶನ್ ಕೊಟ್ಟು 27 ಜನರ ಕೈಲಿ ಬೇರೆ ಬೇರೆಯಾಗಿ ಕೋಡ್ ಬರೆಸಿದ್ರು, ಹತ್ತು ಲಕ್ಷ ಟೆಸ್ಟ್ ಓಡಿಸಿದ್ರು, ಬೇರೆ ಬೇರೆ ಬರೆದೋರು ಒಂದೇ ಇನ್‌ಪುಟ್‌ನಲ್ಲಿ ಒಟ್ಟಿಗೆ ಎಡವಿದ್ದು ಆಕಸ್ಮಿಕ ಅನ್ನಕ್ಕಾಗದಷ್ಟಿತ್ತು. ಒಂದೇ ಗೈಡ್ ಓದಿದ ಹುಡುಗ್ರ ಉತ್ತರ ಪತ್ರಿಕೆ ಥರ, ತಪ್ಪೂ ತಾಳೆ ಆಗತ್ತೆ.

ಧಾರವಾಡ_ಫೇಡೆ

ನೋಡ್ರಿ ತಿಪಟೂರ್ ಅವ್ರ, ಇತಿಹಾಸ ಆಮ್ಯಾಲೆ ಓದೂಣಂತ, ಮೊದ್ಲ ನೀರಿನ ಲೆಕ್ಕ ಬರೀರಿ. ಬಿದ್ದ ಮಳಿ ಅಂದ್ರ ಆವಿ ಆಗಿದ್ದು, ಹರದು ಹೋಗಿದ್ದು, ಮಣ್ಣಾಗ ಕೆರ್‍ಯಾಗ ಉಳದಿದ್ದು, ಇಷ್ಟ. ಪ್ರತಿ ಟೈಮ್ ಸ್ಟೆಪ್ಪಿಗೂ ಇದು ಹೊಂದಬೇಕು. ನದಿಗೆ ಎಷ್ಟು ನೀರು ಬರತೈತಿ ಅಂತ ನಿಮಗ ಗೊತ್ತಿರಬೇಕಾಗಿಲ್ಲ, ನೀರು ಎಲ್ಲೋ ಹುಟ್ಟೇತಿ ಇಲ್ಲಾ ಎಲ್ಲೋ ಮಾಯ ಆಗೇತಿ ಅನ್ನೂದು ಗೊತ್ತಾದ್ರ ಸಾಕು, ಅದ ನಿಮ್ಮ ಡೆಬಿಟ್ ಕ್ರೆಡಿಟ್ಟು. ಬ್ಯಾಂಕಿನವ್ರಿಗೆ ಇದನ್ನ ಹೇಳಿಕೊಡಬೇಕೇನ್ರಿ.

ಎರಡನೇದು ಯೂನಿಟ್. 1 ಚದರ ಕಿ.ಮೀ. ಮ್ಯಾಲೆ 1 ಮಿ.ಮೀ. ಮಳಿ ಅಂದ್ರ 1000 ಘನ ಮೀಟರ್ ನೀರು, ಇದನ್ನ ಗ್ವಾಡಿ ಮ್ಯಾಲೆ ಬರದಿಡ್ರಿ. ನಮ್ಮಲ್ಲಿ ಡ್ಯಾಮಿನ ಲೆಕ್ಕ ಎಲ್ಲಾ ಟಿಎಂಸಿ ಮತ್ತ ಕ್ಯೂಸೆಕ್ಕಿನಾಗ ಬರತಾವ, ಮಾಡೆಲ್ ಬರಿಯಾವ್ರು ಕ್ಯೂಮೆಕ್ ಅಂತಾರ, ಅಂದ್ರ ಸೆಕೆಂಡಿಗೆ ಒಂದು ಘನ ಮೀಟರ್. 1 ಕ್ಯೂಮೆಕ್ ಅಂದ್ರ 35.3 ಕ್ಯೂಸೆಕ್, 1 ಟಿಎಂಸಿ ಅಂದ್ರ ಹತ್ತಹತ್ತರ 2.83 ಕೋಟಿ ಘನ ಮೀಟರ್. ಸಿಎಸ್‌ವಿ ಫೈಲಿನ ಹೆಡರ್‌ನಾಗ ಬರೇ "ಫ್ಲೋ" ಅಂತ ಇದ್ರ ಆ ಫೈಲ್ ವಾಪಸ್ ಕಳಿಸ್ರಿ. 1999ರಾಗ ಮಂಗಳಕ್ಕ ಹ್ವಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳ್ಕೊಂಡಿದ್ದು ಇದ ಕಾರಣಕ್ಕ, ಒಂದು ಪ್ರೋಗ್ರಾಂ ಪೌಂಡ್-ಸೆಕೆಂಡಿನಾಗ ಬರೀತಿತ್ತು, ಓದಾವ್ರು ನ್ಯೂಟನ್-ಸೆಕೆಂಡ್ ಅಂತ ತಿಳಕೊಂಡ್ರು, 4.45 ಪಟ್ಟು ಫರಕ್.

ಟೆಸ್ಟರ್_ತಿಪಟೂರು

ಧಾರವಾಡ ಸರ್ ಸೂಪರ್, ನೀರಿನ ಲೆಕ್ಕದ ಟೆಸ್ಟ್ ಇವತ್ತೇ ಬರೀತೀನಿ. ಇನ್ನೊಂದು ಐಡಿಯಾ ಬಂತು, ಮಳೆ ಡಬಲ್ ಮಾಡಿದ್ರೆ ಹರಿವು ಡಬಲ್ ಆಗ್ಬೇಕು ಅಂತ ಟೆಸ್ಟ್ ಹಾಕಬಹುದಲ್ವಾ?

ಧಾರವಾಡ_ಫೇಡೆ

ಆಗಂಗಿಲ್ಲ! ಒಣಾ ಎರಿ ಮಣ್ಣು ಮೊದ್ಲ ಕುಡೀತೈತಿ, ತುಂಬಿದ ಮ್ಯಾಲೆ ಬಿದ್ದಿದ್ದೆಲ್ಲಾ ಹರೀತೈತಿ. ಡಬಲ್ ಮಳಿಗೆ ಮೂರು ಪಟ್ಟು ನಾಕು ಪಟ್ಟೂ ಬರಬಹುದು. "ಕಡಿಮಿ ಆಗಬಾರದು" ಅಂತ ಹಾಕ್ರಿ. ಅದೂ ನಡುವ ಡ್ಯಾಮ್ ಇದ್ರ ನಡಿಯಂಗಿಲ್ಲ, ಗೇಟ್ ಯಾವಾಗ ತಗೀತಾರ ಅನ್ನೂದ್ರ ಮ್ಯಾಲೆ ಒಂದು ದಿನದ ಹರಿವು ಕಡಿಮಿನೂ ಆದೀತು.

ಕುಡ್ಲ_ಕೋಡರ್

ತಿಪಟೂರಿನವರು ಗೊತ್ತಿಲ್ಲದೇ ಸರಿಯಾದ ದಾರಿಗೇ ಬಂದಿದ್ದಾರೆ ಮಾರಾಯ್ರೆ. ಇದಕ್ಕೆ ಮೆಟಾಮಾರ್ಫಿಕ್ ಟೆಸ್ಟಿಂಗ್ ಅಂತ ಹೆಸರುಂಟು, ಟಿ. ವೈ. ಚೆನ್ ಅನ್ನುವವರು 1998ರಲ್ಲಿ ಮುಂದಿಟ್ಟದ್ದು. ಒಂದು ಇನ್‌ಪುಟ್‌ಗೆ ಉತ್ತರ ಎಷ್ಟು ಅಂತ ಗೊತ್ತಿಲ್ಲದಿದ್ರೆ ಬೇಡ, ಎರಡು ಇನ್‌ಪುಟ್‌ಗಳ ಉತ್ತರದ ನಡುವೆ ಎಂತ ಸಂಬಂಧ ಇರಬೇಕು ಅಂತ ಗೊತ್ತಿದ್ರೆ ಸಾಕು. ಸೈನ್ ಫಂಕ್ಷನ್‌ಗೆ ಎಕ್ಸ್ ಕೊಟ್ಟರೂ ಪೈ ಮೈನಸ್ ಎಕ್ಸ್ ಕೊಟ್ಟರೂ ಒಂದೇ ಬರಬೇಕಲ್ವಾ, ಹಾಗೆ. ನಿಮ್ಮ ಮಾಡೆಲ್‌ಗಾದ್ರೆ ಮಳೆ ಮಾಪನ ಕೇಂದ್ರಗಳ ಫೈಲನ್ನು ಬೇರೆ ಆರ್ಡರ್‌ನಲ್ಲಿ ಕೊಟ್ಟರೂ ಉತ್ತರ ಬದಲಾಗಬಾರದು.

ಇದು ಎಂತ ಸಿಲ್ಲಿ ಟೆಸ್ಟ್ ಅಂತ ನಗಬೇಡಿ. ಕೆಮಿಸ್ಟ್ರಿಯವರು ಅಣುಗಳ ರಚನೆ ತಿಳಿಯುವ ಎನ್‌ಎಂಆರ್ ಲೆಕ್ಕಕ್ಕೆ 2014ರಿಂದ ಬಳಸ್ತಿದ್ದ ಒಂದು ಪೈಥಾನ್ ಸ್ಕ್ರಿಪ್ಟ್ ಇತ್ತು. ಹವಾಯಿ ಯೂನಿವರ್ಸಿಟಿಯವರು 2019ರಲ್ಲಿ ನೋಡ್ತಾರೆ, ಒಂದೇ ಡೇಟಾಗೆ ವಿಂಡೋಸ್ 10ರಲ್ಲಿ 173.2, ಉಬುಂಟುವಿನಲ್ಲಿ 172.4, ಮ್ಯಾಕ್ ಮೊಹಾವಿಯಲ್ಲಿ 172.7! ಪೈಥಾನಿನ ಗ್ಲಾಬ್ ಫಂಕ್ಷನ್ ಫೈಲ್‌ಗಳ ಪಟ್ಟಿ ಕೊಡುವಾಗ ಸಾರ್ಟ್ ಮಾಡಿ ಕೊಡೋದಿಲ್ಲ, ಆಪರೇಟಿಂಗ್ ಸಿಸ್ಟಮ್ ಹೇಗೆ ಕೊಡ್ತದೋ ಹಾಗೆ. ಸ್ಕ್ರಿಪ್ಟ್ ಮಾತ್ರ ಫೈಲ್‌ಗಳು ಜೋಡಿ ಜೋಡಿಯಾಗಿ ಸರಿಯಾದ ಆರ್ಡರ್‌ನಲ್ಲೇ ಬರ್ತವೆ ಅಂತ ನಂಬಿ ಕೂತಿತ್ತು. ಒಂದು ಸಾರ್ಟ್ ಹಾಕಿದ ಕೂಡ್ಲೇ ಸರಿಯಾಯ್ತು. ಅಷ್ಟರಲ್ಲಿ ಅದನ್ನು ಬಳಸಿರಬಹುದಾದ ಪೇಪರ್‌ಗಳು ನೂರಕ್ಕಿಂತ ಮೇಲೆ.

ಬಿಟ್_ಟು_ಬಿಟ್

ಸರಿ ಒಪ್ಕೊಂಡೆ. ಆದ್ರೆ ರಿಗ್ರೆಷನ್ ಟೆಸ್ಟ್ ಮಾಡೋಕ್ಕೇನ್ ಕಷ್ಟ? ನಿನ್ನೆ ಬಂದ ಔಟ್‌ಪುಟ್ ಸೇವ್ ಮಾಡಿಟ್ಕೊಳಿ, ಇವತ್ತಿನ ಬಿಲ್ಡ್ ಔಟ್‌ಪುಟ್ ಅದೇ ಇರ್ಬೇಕು ಅಷ್ಟೇ, ಬಿಟ್ ಟು ಬಿಟ್. ನನ್ನ ಹೆಸರೇ ಅದು 😄

ರಾತ್ರಿಪಾಳಿ

ಕ್ಲಸ್ಟರ್ ಅಡ್ಮಿನ್ ಕಡೆಯಿಂದ: ಬಿಟ್ ಟು ಬಿಟ್ ಬೇಕು ಅಂದ್ರೆ ಕಂಪೈಲರ್ ಅಪ್‌ಡೇಟ್ ಮಾಡ್ಬೇಡಿ, ಪ್ರೊಸೆಸರ್ ಸಂಖ್ಯೆ ಬದಲಾಯಿಸ್ಬೇಡಿ, ಜಿಪಿಯು ಕಡೆ ತಲೆ ಹಾಕ್ಬೇಡಿ, ಆರಾಮಾಗಿರಿ. ಫ್ಲೋಟಿಂಗ್ ಪಾಯಿಂಟ್‌ನಲ್ಲಿ, ಅಂದ್ರೆ ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡೋ ರೀತಿಯಲ್ಲಿ, ಕೂಡೋ ಕ್ರಮ ಬದಲಾದ್ರೆ ಮೊತ್ತದ ಕೊನೇ ಅಂಕಿ ಬದಲಾಗತ್ತೆ, 64 ಪ್ರೊಸೆಸರ್ ಬದಲು 128ರಲ್ಲಿ ಓಡಿಸಿದ್ರೆ ಕೂಡೋ ಕ್ರಮ ಬದಲಾಗಿಯೇ ಆಗತ್ತೆ. ಕೊನೇ ಅಂಕಿ ತಾನೇ ಅನ್ನೋ ಹಾಗಿಲ್ಲ, ಹವಾಮಾನದ ಮಾಡೆಲ್ ಆದ್ರೆ ಆ ಕೊನೇ ಅಂಕಿ ದಿನದಿನಕ್ಕೆ ಬೆಳೆದು ಎರಡು ಮೂರು ವಾರದ ಹವಾಮಾನ ಪೂರಾ ಬೇರೆ ಆಗಿಹೋಗತ್ತೆ. ಹವಾಮಾನ ವಿಜ್ಞಾನಿ ಲಾರೆನ್ಸ್ 1961ರಲ್ಲಿ 0.506127 ಬದಲು 0.506 ಟೈಪ್ ಮಾಡಿ ಕಂಡಿದ್ದು ಇದನ್ನೇ. ಹಾಗಾಗಿ ಹೊಸ ಬಿಲ್ಡ್ ಔಟ್‌ಪುಟ್ ಬೇರೆ ಬಂದಿದೆ ಅಂದ್ರೆ ಅದು ಬಗ್ ಇರಬಹುದು, ಬರೀ ರೌಂಡಿಂಗ್ ಇರಬಹುದು, ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ.

ಅಮೆರಿಕದ ವಾತಾವರಣ ಸಂಶೋಧನಾ ಕೇಂದ್ರ ಎನ್‌ಸಿಎಆರ್‌ನೋರು ಸಿಇಎಸ್‌ಎಂ ಅನ್ನೋ ಹವಾಮಾನ ಮಾಡೆಲ್‌ಗೆ ಮಾಡಿದ್ದು ನಂಗೆ ಬಹಳ ಹಿಡಿಸ್ತು. ಆರಂಭದ ತಾಪಮಾನದಲ್ಲಿ 10ರ ಮೈನಸ್ 14ನೇ ಘಾತದಷ್ಟು ಕೆಣಕಿ ಒಂದೊಂದು ವರ್ಷದ 151 ರನ್ ಓಡಿಸಿ, ಈ ಮಾಡೆಲ್ ಸಹಜವಾಗಿ ಎಷ್ಟು ಆಚೀಚೆ ಆಗತ್ತೆ ಅಂತ ಒಂದು ಗಡಿ ಹಾಕ್ಕೊಂಡ್ರು. ಹೊಸ ಕಂಪೈಲರ್, ಹೊಸ ಮಷೀನ್ ಬಂದಾಗ ಕೆಲವು ರನ್ ಓಡಿಸಿ ಅವು ಆ ಗುಂಪಿಗೆ ಸೇರಿದವೇ ಅಂತ ಸ್ಟ್ಯಾಟಿಸ್ಟಿಕ್ಸ್ ಕೇಳೋದು. ಪಾಸ್ ಫೇಲ್ ಎರಡೂ ಸಿಗತ್ತೆ, ಒಂದು ಬಿಟ್ಟೂ ಮ್ಯಾಚ್ ಆಗ್ದೆ. ಆದ್ರೆ ಅಷ್ಟು ಕಂಪ್ಯೂಟರ್ ಟೈಮ್ ಟೆಸ್ಟಿಂಗ್‌ಗೆ ಕೊಡಿ ಅಂತ ನಮ್ಮಲ್ಲಿ ಕೇಳಿದ್ರೆ ಏನ್ ಉತ್ತರ ಬರತ್ತೆ ಅಂತ ಇಲ್ಲಿರೋರಿಗೆಲ್ಲಾ ಗೊತ್ತು.

ಗಣಿತದ_ಮೇಷ್ಟ್ರು

ಇಷ್ಟೊತ್ತು ಓದಿದೆ, ಯಾರೂ ಇದನ್ನ ಹೇಳ್ಲಿಲ್ಲ, ಆಶ್ಚರ್ಯ. ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸೋ ಕೋಡ್ ಇದ್ರೆ ಉತ್ತರ ಗೊತ್ತಿಲ್ಲ ಅಂತ ಅಳೋ ಅವಶ್ಯಕತೆ ಇಲ್ಲ ಕಣ್ರೀ, ಉತ್ತರವನ್ನ ನೀವೇ ತಯಾರಿಸ್ಕೊಳಿ. ನಿಮಗಿಷ್ಟ ಬಂದ ಒಂದು ಫಂಕ್ಷನ್ ತಗೊಳಿ, ಸೈನೋ ಎಕ್ಸ್‌ಪೊನೆನ್ಷಿಯಲ್ಲೋ. ಅದನ್ನ ಸಮೀಕರಣಕ್ಕೆ ಹಾಕಿ, ಹೊಂದೋದಿಲ್ಲ, ಏನೋ ಮಿಕ್ಕತ್ತೆ. ಆ ಮಿಕ್ಕಿದ್ದನ್ನೇ ಸೋರ್ಸ್ ಟರ್ಮ್ ಅಂತ ಕೋಡ್‌ಗೆ ಕೊಡಿ, ಈಗ ನೀವು ಆರಿಸಿದ ಫಂಕ್ಷನ್ನೇ ನಿಖರವಾದ ಉತ್ತರ. ನೈಜವಾಗಿ ಅಂಥ ನದಿ ಎಲ್ಲೂ ಇಲ್ಲ, ಇರಬೇಕಾಗೂ ಇಲ್ಲ. ಆಮೇಲೆ ಗ್ರಿಡ್, ಅಂದ್ರೆ ಲೆಕ್ಕ ಹಾಕೋ ಬಿಂದುಗಳ ನಡುವಿನ ಅಂತರ, ಅರ್ಧ ಅರ್ಧ ಮಾಡ್ತಾ ಓಡಿಸಿ. ಎರಡನೇ ದರ್ಜೆಯ (ಸೆಕೆಂಡ್ ಆರ್ಡರ್) ವಿಧಾನ ಅಂತ ಹೇಳ್ಕೊಳ್ಳೋ ಕೋಡ್ ಆದ್ರೆ ಗ್ರಿಡ್ ಅರ್ಧ ಆದಾಗ ದೋಷ ನಾಲ್ಕನೇ ಒಂದು ಭಾಗಕ್ಕೆ ಇಳೀಬೇಕು. ಬರೀ ಅರ್ಧಕ್ಕೆ ಇಳಿದ್ರೆ ಎಲ್ಲೋ, ಹೆಚ್ಚಾಗಿ ಬೌಂಡರಿ ಹತ್ರ, ತಪ್ಪಿದೆ. ಗ್ರಾಫ್ ನೋಡಿದ್ರೆ ಎರಡೂ ಚೆನ್ನಾಗೇ ಕಾಣತ್ತೆ, ದೋಷ ಇಳಿಯೋ ಸ್ಲೋಪ್ ನೋಡಿದ್ರೆ ಮಾತ್ರ ಸಿಕ್ಕಿಬೀಳೋದು. ಪ್ಯಾಟ್ರಿಕ್ ರೋಚ್ ಅನ್ನೋರು ಇದರ ಬಗ್ಗೆ ಬಹಳ ಬರೆದಿದಾರೆ.

ಒಂದು ಎಚ್ಚರಿಕೆ, ಸಮೀಕರಣವನ್ನ ಸರಿಯಾಗಿ ಬಿಡಿಸ್ತಿದೀರಾ ಅಂತ ಮಾತ್ರ ಇದು ಹೇಳೋದು. ಸಮೀಕರಣವೇ ಸರಿಯಾದದ್ದಾ ಅನ್ನೋದು ನದಿಯನ್ನ ಕೇಳ್ಬೇಕು.

ಟೆಸ್ಟರ್_ತಿಪಟೂರು

ಮೇಷ್ಟ್ರೇ ಇದು ಬೆಂಕಿ. ನದಿ ಕೇಳೋದಾದ್ರೆ ಸುಲಭ ಅಲ್ವಾ, ಅಳತೆ ಡೇಟಾ ಇದೆಯಲ್ಲ, ಅದೇ ಒರಾಕಲ್?

ಹಳೇ_ಫೋರ್ಟ್ರಾನ್

ಓಜೋನ್ ರಂಧ್ರದ ಕಥೆ ಕೇಳಿಲ್ವಾ. ನಾಸಾದ ನಿಂಬಸ್-7 ಉಪಗ್ರಹ ಮೇಲಿಂದ ಅಳೀತಾನೇ ಇತ್ತು, ಓಜೋನ್ ತೀರಾ ಕಮ್ಮಿ ಬಂದಿದ್ದನ್ನೆಲ್ಲಾ ಸಾಫ್ಟ್‌ವೇರ್ ತಪ್ಪು ಡೇಟಾ ಅಂತ ಎಸೀತು, 1985ರಲ್ಲಿ ಬ್ರಿಟಿಷರು ಅಂಟಾರ್ಕ್ಟಿಕಾದ ಹ್ಯಾಲಿ ಬೇ ಕೇಂದ್ರದ ನೆಲದ ಅಳತೆಯಿಂದ ಪ್ರಕಟಿಸೋವರೆಗೂ ಯಾರಿಗೂ ಗೊತ್ತಾಗ್ಲಿಲ್ಲ.

ರಾತ್ರಿಪಾಳಿ

ಸರ್ ಕ್ಷಮಿಸಿ, ಇದು ಎಲ್ಲಾ ಕಡೆ ಹೀಗೇ ಓಡಾಡ್ತಿದೆ, ಆದ್ರೆ ಎಸೆದಿರ್ಲಿಲ್ಲ. 180 ಡಾಬ್ಸನ್ ಯೂನಿಟ್‌ಗಿಂತ (ಓಜೋನ್ ಅಳೆಯೋ ಮಾನ) ಕಮ್ಮಿ ಬಂದಿದ್ದಕ್ಕೆ ಸಂಶಯದ ಗುರುತು ಹಾಕ್ತಿತ್ತು ಅಷ್ಟೇ, ಮೂಲ ಡೇಟಾ ಇತ್ತು, ನಾಸಾದಲ್ಲಿ ಪಿ. ಕೆ. ಭಾರ್ತಿಯಾ ಮತ್ತೆ ಅವರ ತಂಡ ಅದನ್ನ ನೋಡ್ತಾನೂ ಇದ್ರು. ನಿಜವಾದ ಕಥೆ ಇನ್ನೂ ಮಜವಾಗಿದೆ. ಗುರುತು ಬಿದ್ದಿದ್ದು ನಿಜವೋ ಸುಳ್ಳೋ ಅಂತ ತಿಳಿಯೋಕೆ ದಕ್ಷಿಣ ಧ್ರುವದ ನೆಲದ ಕೇಂದ್ರದ ಅಳತೆ ಜೊತೆ ಹೋಲಿಸಿದ್ರು, ಅಲ್ಲಿ 300ರ ಆಸುಪಾಸು ತೋರಿಸ್ತಿತ್ತು, ಹಾಗಾದ್ರೆ ಉಪಗ್ರಹದ್ದೇ ತಪ್ಪಿರಬೇಕು ಅಂತ ಅನುಮಾನ. ಆಮೇಲೆ ನೋಡಿದ್ರೆ ತಪ್ಪಿದ್ದಿದ್ದು ಆ ನೆಲದ ಕೇಂದ್ರದ ಅಳತೆಯಲ್ಲಿ. ತಿಪಟೂರು ಕೇಳಿದ ಪ್ರಶ್ನೆಗೆ ಇದೇ ಉತ್ತರ, ಅಳತೆನೂ ಇನ್ನೊಂದು ಪ್ರೋಗ್ರಾಂ ಔಟ್‌ಪುಟ್ಟೇ.

ಹಳೇ_ಫೋರ್ಟ್ರಾನ್

ಸರಿ, ಸರಿ. ನಿಮ್ಮ ಆವೃತ್ತಿನೇ ವಾಸಿ.

ಧಾರವಾಡ_ಫೇಡೆ

ಅಳತಿ ಸರಿ ಇದ್ರೂ ಒಂದು ಫಜೀತಿ ಐತಿ, ಅದನ್ನ ಯಾರೂ ಹೇಳವಲ್ಲರು. ಮಾಡೆಲ್‌ನಾಗ ಗೊತ್ತಿಲ್ಲದ ಪ್ಯಾರಾಮೀಟರ್ ಭಾಳ ಇರತಾವ, ಮಣ್ಣು ಎಷ್ಟು ನೀರು ಹಿಡೀತೈತಿ, ಎಷ್ಟು ಹೊತ್ತಿಗೆ ಬಿಡತೈತಿ ಅಂತ. ಹಳೇ ವರ್ಷದ ಹರಿವಿಗೆ ಹೊಂದೂವರೆಗೂ ಅವನ್ನ ತಿರುವತಾರ, ಅದ ಕ್ಯಾಲಿಬ್ರೇಶನ್. ಕೋಡಿನಾಗ ಬಗ್ ಇದ್ರ ಆ ತಿರುವ್ಯಾಟ ಬಗ್ಗನ್ನೂ ಸೇರಿಸಿ ನುಂಗತೈತಿ. ಗ್ರಾಫ್ ಹೊಂದತೈತಿ, ನ್ಯಾಶ್-ಸಟ್‌ಕ್ಲಿಫ್ ಅಂತ, ಮಾಡೆಲ್ ಅಳತಿಗೆ ಎಷ್ಟು ಹೊಂದತೈತಿ ಅಂತ ಹೇಳೂ ಮಾರ್ಕ್ಸ್, ಛಲೋ ಬರತಾವ, ಎಲ್ಲಾರೂ ಖುಷ್. ಆಮ್ಯಾಲೆ ಮಳಿ ಹಿಡಿದ ವರ್ಷ ಬಿಟ್ಟು ಬರಗಾಲದ ವರ್ಷ ಕೊಟ್ಟು ನೋಡ್ರಿ, ಬಣ್ಣಾ ಬಯಲಾಗತೈತಿ. ಕ್ಲೆಮೆಶ್ ಅನ್ನವ್ರು 1986ರಾಗ ಇದನ್ನ ಹೇಳ್ಯಾರ, ಹಸಿ ವರ್ಷದಾಗ ಕ್ಯಾಲಿಬ್ರೇಟ್ ಮಾಡಿ ಒಣಾ ವರ್ಷದಾಗ ಪರೀಕ್ಷಾ ಮಾಡ್ರಿ, ತಿರುಗಿಸಿನೂ ಮಾಡ್ರಿ ಅಂತ. ಈಗಿನ ಮಷೀನ್ ಲರ್ನಿಂಗ್ ಹುಡುಗ್ರಿಗೂ ಇದ ಮಾತು ಹೇಳಬೇಕು, ಅವ್ರದಂತೂ ಪೂರ್ತಿ ಕ್ಯಾಲಿಬ್ರೇಶನ್ನ ಐತಿ.

ಕುಡ್ಲ_ಕೋಡರ್

ನಿಮ್ಮದೆಲ್ಲ ಪರವಾಗಿಲ್ಲ, ಪ್ರಿಂಟ್ ಸ್ಟೇಟ್‌ಮೆಂಟ್ ಆದ್ರೂ ಹಾಕ್ಬಹುದು. ನಾನೀಗ ಕ್ವಾಂಟಮ್ ಸಾಫ್ಟ್‌ವೇರ್ ಕಡೆ ಇದ್ದೇನೆ, ಇಲ್ಲಿ ಮಧ್ಯದಲ್ಲಿ ಇಣುಕಿ ನೋಡಿದ್ರೆ ಸ್ಟೇಟ್ ಹಾಳಾಗ್ತದೆ, ಕಾಪಿ ಮಾಡಿ ಇಟ್ಟುಕೊಳ್ಳುವ ಅಂದ್ರೆ ಪ್ರಕೃತಿ ನಿಯಮವೇ ಬಿಡುವುದಿಲ್ಲ. ಒಂದೇ ಪ್ರೋಗ್ರಾಂ ಸಾವಿರ ಸಲ ಓಡಿಸಿ ಬಂದ ಉತ್ತರಗಳ ಹಂಚಿಕೆ ನೋಡ್ಬೇಕು, ಅದರಲ್ಲೂ ಹಾರ್ಡ್‌ವೇರ್ ಗದ್ದಲ ಬೇರೆ, ತಪ್ಪು ಕೋಡಿದ್ದಾ ಚಿಪ್ಪಿದ್ದಾ ಗೊತ್ತಾಗುದಿಲ್ಲ. ಸಾಮಾನ್ಯ ಕಂಪ್ಯೂಟರಲ್ಲಿ ಸಿಮ್ಯುಲೇಟ್ ಮಾಡಿ ತಾಳೆ ನೋಡುವ ಅಂದ್ರೆ 30 ಕ್ಯೂಬಿಟ್‌ಗೆ (ಕ್ವಾಂಟಮ್ ಬಿಟ್) 16 ಜಿಬಿ ಮೆಮೊರಿ ಸಾಕು, ಆಮೇಲೆ ಒಂದೊಂದು ಕ್ಯೂಬಿಟ್‌ಗೂ ಡಬಲ್, 50ಕ್ಕೆ 16 ಪೆಟಾಬೈಟ್ ದಾಟ್ತದೆ. ಕ್ವಾಂಟಮ್ ಕಂಪ್ಯೂಟರ್ ನಿಜವಾಗಿ ಉಪಯೋಗಕ್ಕೆ ಬರುವ ಜಾಗದಲ್ಲೇ ತಾಳೆ ನೋಡುವ ದಾರಿ ಮುಚ್ಚುವುದು, ಎಂತ ಮಾಡುವುದು ಹೇಳಿ.

ಇದ್ದ ಒಂದೆರಡು ಉಪಾಯ ಅಂದ್ರೆ, ಸರ್ಕ್ಯೂಟ್ ಓಡಿಸಿ ಅದನ್ನೇ ಉಲ್ಟಾ ಓಡಿಸುವುದು, ಎಲ್ಲ ಸೊನ್ನೆಗೆ ವಾಪಸ್ ಬರ್ಬೇಕು. ಇನ್ನೊಂದು, ಕ್ಲಿಫರ್ಡ್ ಅನ್ನುವ ಒಂದು ಬಗೆಯ ಗೇಟ್‌ಗಳು ಮಾತ್ರ ಇದ್ರೆ ಎಷ್ಟು ಕ್ಯೂಬಿಟ್ ಆದ್ರೂ ಸಾಮಾನ್ಯ ಕಂಪ್ಯೂಟರ್ ಬೇಗ ಲೆಕ್ಕ ಹಾಕ್ತದೆ, ಅಂಥ ಆವೃತ್ತಿ ಮಾಡಿ ಟೆಸ್ಟ್ ಮಾಡುವುದು. ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರಲ್ಲಿ 6003.65 ಕೋಟಿ ಮಂಜೂರಾಯ್ತಲ್ಲ, ಕಂಪ್ಯೂಟಿಂಗ್ ಹಬ್ ನಮ್ಮ ಐಐಎಸ್‌ಸಿಯಲ್ಲೇ ಉಂಟು. ಟೆಸ್ಟರ್‌ಗಳಿಗೆ ಅಲ್ಲಿ ಕೆಲಸ ಇಲ್ಲ ಅಂತ ಯಾರೂ ತಿಳ್ಕೊಳ್ಬೇಡಿ.

ಚಳ್ಳಕೆರೆ_ಚಂದ್ರ

ನಮ್ಮೂರ ವಿಷಯ ಹೇಳ್ದೆ ಇರಕ್ಕಾಗಲ್ಲ. ಚಂದ್ರಯಾನದ ಲ್ಯಾಂಡರ್ ಸೆನ್ಸರ್ ಟೆಸ್ಟ್ ಮಾಡೋಕೆ ಇಸ್ರೋದೋರು ಚಳ್ಳಕೆರೆ ಹತ್ರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳ ಥರ ಗುಂಡಿ ತೋಡಿದ್ರು. 2019ರ ಸೆಪ್ಟೆಂಬರ್ 7ಕ್ಕೆ ಚಂದ್ರಯಾನ-2ರ ವಿಕ್ರಮ್ ಬಿದ್ದಿದ್ದಕ್ಕೆ ಕಾರಣ ಏನು ಅಂತ 2023ರಲ್ಲಿ ಇಸ್ರೋ ಅಧ್ಯಕ್ಷರಾಗಿದ್ದ ಸೋಮನಾಥ್ ಅವ್ರು ಹೇಳಿದ್ದನ್ನ ಓದಿ: ಐದೂ ಎಂಜಿನ್ ಲೆಕ್ಕಕ್ಕಿಂತ ಜಾಸ್ತಿ ತಳ್ಳಿದ್ವು, ದೋಷ ಸೇರ್ತಾ ಹೋಯ್ತು, ಸರಿ ಮಾಡ್ಕೊಳೋಕೆ ಬೇಗ ತಿರುಗ್ಬೇಕಿತ್ತು, ಅಷ್ಟು ಬೇಗ ತಿರುಗೋಕೆ ಸಾಫ್ಟ್‌ವೇರ್ ಮಿತಿ ಬಿಡ್ಲಿಲ್ಲ, ಇಳಿಯೋ ಜಾಗನೂ 500 ಮೀಟರ್ ಚೌಕ ಮಾತ್ರ. ಒಂದೊಂದೂ ತನ್ನ ಪಾಡಿಗೆ ನೋಡಿದ್ರೆ ಸರಿಯಾಗೇ ಇದೆ. ಚಂದ್ರಯಾನ-3ರಲ್ಲಿ ಏನೇನು ಕೆಡಬಹುದು ಅಂತ ಹಿಡ್ಕೊಂಡು ಡಿಸೈನ್ ಮಾಡಿದ್ರು, ಸೆನ್ಸರ್‌ಗಳನ್ನ ಹೆಲಿಕಾಪ್ಟರ್‌ಗೆ ಕಟ್ಟಿ ಹಾರಿಸಿದ್ರು, ಎಂಜಿನ್ ಸಮೇತ ಟವರ್ ಕ್ರೇನ್‌ಗೆ ನೇತುಹಾಕಿ ಟೆಸ್ಟ್ ಮಾಡಿದ್ರು. ಚಂದ್ರನ ಗುರುತ್ವ ಮಾತ್ರ ಎಷ್ಟು ದುಡ್ಡು ಕೊಟ್ರೂ ಚಳ್ಳಕೆರೆಗೆ ಬರಲ್ಲ, ಆದ್ರಿಂದ ತುಂಡು ತುಂಡಾಗಿ ಟೆಸ್ಟ್ ಮಾಡಿ ಮಿಕ್ಕಿದ್ದು ಸಿಮ್ಯುಲೇಶನ್‌ಗೆ ಬಿಡೋದೇ ಗತಿ.

ಹಳೇ_ಫೋರ್ಟ್ರಾನ್

ಕೆಡಬಹುದು ಅಂತ ಹಿಡ್ಕೊಂಡು ಅಂದ್ರಲ್ಲ, ನಾನು ಮೊದಲು ಹೇಳಿದ "ಸರಿ ಕಾಣ್ತಿದೆ" ರೋಗಕ್ಕೆ ಮದ್ದು ಅಲ್ಲೇ ಇದೆ. ಗುರುತ್ವದ ಅಲೆ ಹುಡುಕೋ ಲೈಗೋದೋರು ಇನ್ನೂ ಮುಂದೆ ಹೋದ್ರು. 2010ರ ಸೆಪ್ಟೆಂಬರ್‌ನಲ್ಲಿ ಒಂದು ಭರ್ಜರಿ ಸಿಗ್ನಲ್ ಸಿಕ್ತು, ಮಹಾಶ್ವಾನ ನಕ್ಷತ್ರಪುಂಜದ ದಿಕ್ಕಿಂದ, ಅದಕ್ಕೆ ಬಿಗ್ ಡಾಗ್ ಅಂತ ಹೆಸರು ಬಿತ್ತು. ತಿಂಗಳುಗಟ್ಲೆ ವಿಶ್ಲೇಷಣೆ ಮಾಡಿ ಪೇಪರ್ ಕರಡೂ ರೆಡಿ ಮಾಡಿದ್ರು. 2011ರ ಮಾರ್ಚಲ್ಲಿ ಎಲ್ರ ಮುಂದೆ ಲಕೋಟೆ ಒಡೆದ್ರೆ, ಅದು ಬೇಕಂತಲೇ ಒಳಗೆ ತೂರಿಸಿದ ಸುಳ್ಳು ಸಿಗ್ನಲ್! ಕೆಲವೇ ಜನಕ್ಕೆ ಮಾತ್ರ ಗೊತ್ತಿತ್ತು. ಅವತ್ತು ಪರೀಕ್ಷೆ ಆಗಿದ್ದು ಕೋಡ್‌ಗೂ ಹೌದು, ಅದನ್ನ ನೋಡಿ "ಸರಿ" ಅನ್ನೋ ಮನುಷ್ಯರಿಗೂ ಹೌದು. 2015ರಲ್ಲಿ ನಿಜವಾದದ್ದು ಬಂದಾಗ ಮೊದಲು ಕೇಳ್ಕೊಂಡಿದ್ದೇ ಇದೂ ತೂರಿಸಿದ್ದಾ ಅಂತ.

ತಿಪಟೂರು, ನೀವೂ ಬೇಕಂತಲೇ ಒಂದು ಬಗ್ ಹಾಕಿ ಗ್ರಾಫ್ ತೋರಿಸಿ ನೋಡಿ.

ಬಿಟ್_ಟು_ಬಿಟ್

ಕೆಲಸ ಹೋದ್ರೆ ಯಾರು ಜವಾಬ್ದಾರಿ ಸರ್ 😂

ಟೆಸ್ಟರ್_ತಿಪಟೂರು

ಅಪ್‌ಡೇಟ್ ಕೊಡ್ತೀನಿ. ಮ್ಯಾನೇಜರ್‌ಗೆ ಮೊದ್ಲೇ ಹೇಳಿ, ಆವಿಯಾಗೋ ಲೆಕ್ಕದಲ್ಲಿ ಗುಣಿಸೋ ಒಂದು ಗುಣಾಂಕ 0.8 ಇದ್ದಿದ್ದನ್ನ 1 ಮಾಡ್ದೆ. ಕ್ಯಾಲಿಬ್ರೇಟ್ ಮಾಡದೇ ಓಡಿಸಿದಾಗ ಹರಿವು ಕಮ್ಮಿ ಬಂದು ಎದ್ದು ಕಾಣ್ತಿತ್ತು. ಮತ್ತೆ ಕ್ಯಾಲಿಬ್ರೇಟ್ ಮಾಡಿದ್ಮೇಲೆ ಮಣ್ಣಿನ ಪ್ಯಾರಾಮೀಟರ್ ತಾನೇ ಸರಿದು ಹೊಂದಿಸ್ಕೊಂಡ್ಬಿಡ್ತು, ನ್ಯಾಶ್-ಸಟ್‌ಕ್ಲಿಫ್ ಹತ್ರಹತ್ರ ಮೊದಲಿನಷ್ಟೇ. ಗ್ರಾಫ್ ತೋರಿಸ್ದೆ, "ಹಾಂ, ಸರಿ ಕಾಣ್ತಿದೆ". ನನ್ನ ನೀರಿನ ಲೆಕ್ಕದ ಟೆಸ್ಟೂ ಪಾಸ್ ಆಗಿತ್ತು, ಯಾಕಂದ್ರೆ ನೀರು ಮಾಯ ಆಗಿಲ್ಲ, ಬೇರೆ ಕಡೆ ಹೋಗಿದೆ ಅಷ್ಟೇ. ಧಾರವಾಡ ಸರ್ ಹೇಳಿದ ಹಾಗೆ ಮಳೆ ಕಮ್ಮಿ ಇದ್ದ ವರ್ಷ ಕೊಟ್ಟಾಗ ಬೇಸಿಗೆ ಹರಿವು ನೆಲ ಕಚ್ಚಿತು, ಆಗ ಸಿಕ್ಕಿಬಿತ್ತು. ವಿಷಯ ಹೇಳಿದಾಗ ಸೈಂಟಿಸ್ಟ್ ಸರ್ ಬೈತಾರೆ ಅಂದ್ಕೊಂಡಿದ್ದೆ, ಸುಮಾರು ಹೊತ್ತು ಪ್ಯಾರಾಮೀಟರ್ ಟೇಬಲ್ಲೇ ನೋಡ್ತಾ ಕೂತಿದ್ದು, ಆಮೇಲೆ ಪ್ರತಿ ಪ್ಯಾರಾಮೀಟರ್ ಯಾವ ಮಣ್ಣಿಗೆ ಎಷ್ಟರಿಂದ ಎಷ್ಟರೊಳಗೆ ಇರಬೇಕು ಅಂತ ಅವ್ರೇ ಒಂದು ಶೀಟ್ ಬರೆದುಕೊಟ್ರು. ಈಗ ಎಕ್ಸ್‌ಪೆಕ್ಟೆಡ್ ರಿಸಲ್ಟ್ ಕಾಲಮ್‌ನಲ್ಲಿ ಅದನ್ನ ಹಾಕ್ತಿದೀನಿ, ಒಂದು ನಂಬರ್ ಬದಲು ಗಡಿ.

ಧಾರವಾಡ_ಫೇಡೆ

ಶಾಬ್ಬಾಸ್. ಆ ಗಡಿ ಶೀಟನ್ನ ಕೋಡಿನ ಬದಲಾವಣಿ ದಾಖಲೆ ಇಡೂ ಗಿಟ್‌ನಾಗ ಹಾಕ್ರಿ, ಯಾರು ಯಾಕ ಬದಲ್ ಮಾಡಿದ್ರು ಅಂತ ಕಾಮೆಂಟ್ ಸಮೇತ, ಇಲ್ಲಾಂದ್ರ ಟೆಸ್ಟ್ ಫೇಲ್ ಆದಾಗೊಮ್ಮೆ ಗಡಿ ಹಿಗ್ಗತಾವ.

ರಾತ್ರಿಪಾಳಿ

ಮೊದ್ಲು ಆ 1ನ್ನ ವಾಪಸ್ 0.8 ಮಾಡಿದ್ರಾ ಇಲ್ವಾ ಹೇಳಿ.

ಟೆಸ್ಟರ್_ತಿಪಟೂರು

ಬೇರೆ ಬ್ರ್ಯಾಂಚಲ್ಲಿದೆ ಸರ್, ಮರ್ಜ್ ಆಗಿಲ್ಲ. ಆದ್ರೆ ಈಗ ಸೈಂಟಿಸ್ಟ್ ಸರ್ ಕೇಳ್ತಿದಾರೆ, ಆ 0.8 ಎಲ್ಲಿಂದ ಬಂತು ಅಂತ. ಕೋಡಲ್ಲಿ ಕಾಮೆಂಟ್ ಇಲ್ಲ, ಬರೆದೋರು ಬಿಟ್ಟು ಹೋಗಿದಾರೆ.